ಮಗಳ ಅಸ್ತಮಾ: ಮನೆಯಲ್ಲಿ ಯಾವುದರಿಂದ ಶುರು ಮಾಡಲಿ?

ಪುಟ್ಟಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 6 ವರ್ಷ. ಅಸ್ತಮಾ ಎಂದು ಗೊತ್ತಾಗಿ 14 ತಿಂಗಳಾಯಿತು. ಹಗಲೆಲ್ಲ ಆಡಿಕೊಂಡೇ ಇರುತ್ತಾಳೆ. ರಾತ್ರಿ ಎರಡು, ಮೂರು ಗಂಟೆ ಹೊತ್ತಿಗೆ ಕೆಮ್ಮು ಶುರುವಾಗುತ್ತದೆ. ಎದ್ದು ಕೂತು, ಹೆಗಲು ಮೇಲೆತ್ತಿ ಉಸಿರು ಎಳೆಯುತ್ತಾಳೆ. ಕಳೆದ ಆರು ತಿಂಗಳಲ್ಲಿ ಎರಡು ಸಲ ಮಧ್ಯರಾತ್ರಿ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದೇವೆ.

ದಿನಾ ಕೊಡುವ ಇನ್‌ಹೇಲರ್ ಇದೆ, ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಹಾಕಿಯೇ ಕೊಡುತ್ತೇವೆ. "ಮನೆಯಲ್ಲಿ ಧೂಳು ಕಮ್ಮಿ ಮಾಡಿ" ಎಂದು ಡಾಕ್ಟರು ಹೇಳಿದರು. ಅದಕ್ಕಿಂತ ಜಾಸ್ತಿ ಮಾತಾಡಲು ಅವರಿಗೂ ಸಮಯ ಇರಲಿಲ್ಲ. ಅಂದಿನಿಂದ ನಾನು ದಿನಕ್ಕೆ ಎರಡು ಸಲ ಗುಡಿಸುತ್ತಿದ್ದೇನೆ. ಏರ್ ಪ್ಯೂರಿಫೈಯರ್ ತಂದೆವು. ಪರದೆ ಬದಲಾಯಿಸಿದೆವು. ಸೋಂಕು ನಿವಾರಕ ಸ್ಪ್ರೇ ಹೊಡೆದು ಎಲ್ಲ ಕಡೆ ಒರೆಸುತ್ತೇನೆ. ರಾತ್ರಿ ಕೆಮ್ಮು ಮಾತ್ರ ಹಾಗೇ ಇದೆ. ಎಲ್ಲವನ್ನೂ ಮಾಡಲು ಹೋಗಿ ಸುಸ್ತಾಗಿದ್ದೇನೆ. ನಿಜವಾಗಿ ಉಪಯೋಗ ಆಗುವುದು ಯಾವುದು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಅವಳಿ ಮಕ್ಕಳ ಅಪ್ಪ

ಹಾಸಿಗೆಯಿಂದ ಶುರು ಮಾಡಿ ಮೇಡಂ. ಮನೆ ಪೂರ್ತಿ ಆಮೇಲೆ.

ನಮ್ಮ ಇಬ್ಬರಲ್ಲಿ ಒಬ್ಬನಿಗೆ ಅಸ್ತಮಾ. ನಾವೂ ನಿಮ್ಮಂತೆಯೇ ಹಾಲ್, ಸೋಫಾ, ಕಿಟಕಿ ಎಂದು ಒದ್ದಾಡಿದವರು. ಆಮೇಲೆ ಒಂದು ಲೆಕ್ಕ ಹಾಕಿದೆ. ಮಗು ದಿನದಲ್ಲಿ ಹತ್ತು ಗಂಟೆ ಇರುವುದು ಒಂದೇ ಜಾಗದಲ್ಲಿ. ಅದೂ ದಿಂಬಿಗೆ ಮೂಗು ಒತ್ತಿಕೊಂಡು. ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ಉಸಿರಾಡುವ ಬೇರೆ ಜಾಗ ಮನೆಯಲ್ಲಿ ಇಲ್ಲವೇ ಇಲ್ಲ.

ಧೂಳಿನ ಹುಳ, ಅಂದರೆ ಡಸ್ಟ್ ಮೈಟ್ ಬಗ್ಗೆ ಕೇಳಿರುತ್ತೀರಿ. ಉದ್ದ ಮಿಲಿಮೀಟರಿನ ಕಾಲು ಭಾಗದಷ್ಟು, ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ಅದು ನೀರು ಕುಡಿಯುವುದಿಲ್ಲ, ಗಾಳಿಯಲ್ಲಿರುವ ತೇವವನ್ನೇ ಮೈಗೆ ಹೀರಿಕೊಳ್ಳುತ್ತದೆ. ಬೆಚ್ಚಗೆ, ಸ್ವಲ್ಪ ತೇವ, ಜೊತೆಗೆ ಚರ್ಮದ ಪುಡಿ. ಇವೆಲ್ಲ ಒಟ್ಟಿಗೆ ಸಿಗುವುದು ಹಾಸಿಗೆಯಲ್ಲಿ. ಇದು ಕಚ್ಚುವುದಿಲ್ಲ. ತೊಂದರೆ ಕೊಡುವುದು ಅದರ ಹಿಕ್ಕೆ. ಮನೆಯ ಧೂಳಿನ ಅಲರ್ಜಿಗೂ ಈ ಹುಳಕ್ಕೂ ಇರುವ ನಂಟನ್ನು 1964ರಲ್ಲಿ ನೆದರ್ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಅಲ್ಲಿಯವರೆಗೆ "ಧೂಳು ಆಗಲ್ಲ" ಎನ್ನುತ್ತಿದ್ದರೇ ಹೊರತು ಧೂಳಿನಲ್ಲಿ ಏನು ಆಗಲ್ಲ ಎನ್ನುವುದು ಸ್ಪಷ್ಟವಿರಲಿಲ್ಲ.

ನಾವು ಮಾಡಿದ್ದು ಇಷ್ಟು. ಹಾಸಿಗೆಗೂ ದಿಂಬಿಗೂ ಮೈಟ್ ದಾಟದಂಥ ದಟ್ಟ ನೇಯ್ಗೆಯ ಕವರ್, ಪೂರ್ತಿ ಜಿಪ್ ಇರುವಂಥದ್ದು. ಮೇಲೆ ಹಾಸುವ ಕವರ್ ಸಾಲದು, ಆರೂ ಬದಿ ಮುಚ್ಚಬೇಕು. ಅದರ ಮೇಲಿನ ಬೆಡ್‌ಶೀಟ್, ದಿಂಬಿನ ಚೀಲ, ಹೊದಿಕೆ ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಿನಲ್ಲಿ. ತಣ್ಣೀರಲ್ಲಿ ಒಗೆದರೆ ಹಿಕ್ಕೆ ಬಹಳಷ್ಟು ಹೋಗುತ್ತದೆ, ಆದರೆ ಹುಳ ಸಾಯುವುದಿಲ್ಲ, ಮತ್ತೆ ಬೆಳೆಯುತ್ತದೆ. ಒಗೆಯಲಾಗದ ದಪ್ಪ ಕಂಬಳಿಯನ್ನು ಅವನ ಕೋಣೆಯಿಂದಲೇ ತೆಗೆದೆವು. ಮಂಚದ ಕೆಳಗೆ ತುರುಕಿದ್ದ ಪೆಟ್ಟಿಗೆ, ಹಳೆ ಬಟ್ಟೆಗಂಟು ಎಲ್ಲ ಹೊರಗೆ. ಅವನ ಜಾಗ ಮೇಲೆ ಕೆಳಗೆ ಇರುವ ಮಂಚದ ಕೆಳಭಾಗದಲ್ಲಿತ್ತು. ಮೇಲೆ ಅಣ್ಣ ಹೊರಳಿದಾಗೆಲ್ಲ ಕೆಳಗೆ ಮಲಗಿದವನ ಮುಖಕ್ಕೆ ಧೂಳು. ಜಾಗ ಅದಲು ಬದಲು ಮಾಡಿದೆವು.

ಎರಡು ಮೂರು ತಿಂಗಳು ತಾಳ್ಮೆ ಬೇಕು. ಒಂದು ವಾರದಲ್ಲಿ ಏನೂ ಗೊತ್ತಾಗುವುದಿಲ್ಲ.

ಬಾಡಿಗೆ ಮನೆ

ಗೊಂಬೆಗಳನ್ನು ಮರೆಯಬೇಡಿ! ನಮ್ಮವಳು ಅಪ್ಪಿಕೊಂಡು ಮಲಗುತ್ತಿದ್ದ ಬಟ್ಟೆ ಆನೆಯನ್ನು ಎರಡು ವರ್ಷದಿಂದ ಯಾರೂ ಒಗೆದೇ ಇರಲಿಲ್ಲ. ಬಿಸಿ ನೀರಲ್ಲಿ ಒಗೆದರೆ ಹಾಳಾಗುತ್ತದೆ ಎನ್ನುವ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಒಂದು ದಿನ ಪೂರ್ತಿ ಇಡಿ. ಹುಳ ಸಾಯುತ್ತದೆ. ಆದರೆ ಹಿಕ್ಕೆ ಹಾಗೇ ಉಳಿದಿರುತ್ತದೆ, ಹಾಗಾಗಿ ಆಮೇಲೆ ತಣ್ಣೀರಲ್ಲಾದರೂ ಒಗೆದು ಚೆನ್ನಾಗಿ ಒಣಗಿಸಬೇಕು. ಎಲ್ಲ ಗೊಂಬೆ ಕಿತ್ತುಕೊಳ್ಳುವುದು ಬೇಡ. ಹಾಸಿಗೆಗೆ ಒಂದೇ ಒಂದು, ಉಳಿದದ್ದು ಮುಚ್ಚಳ ಇರುವ ಡಬ್ಬಿಯಲ್ಲಿ. ಯಾವುದು ಬೇಕು ಎಂದು ಮಗಳೇ ಆರಿಸಿಕೊಂಡಳು, ಅದಕ್ಕೇ ಜಗಳ ಆಗಲಿಲ್ಲ.

ಹೊಸ ಅಪ್ಪ

ಏರ್ ಪ್ಯೂರಿಫೈಯರ್ ಇದ್ದೂ ಯಾಕೆ ಕಮ್ಮಿ ಆಗಲಿಲ್ಲ? ನಾವೂ ತರೋಣ ಅಂತಿದ್ದೆವು.

ವಾರ್ಡ್ ನರ್ಸ್

ಮಕ್ಕಳ ವಾರ್ಡಿನಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಪ್ಯೂರಿಫೈಯರ್ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ.

ಮೈಟ್ ಹಿಕ್ಕೆಯ ಕಣ ಭಾರ. ಹಾಸಿಗೆ ಕೊಡವಿದಾಗ ಮೇಲೆದ್ದು, ಅರ್ಧ ಗಂಟೆಯೊಳಗೆ ಬಹುಪಾಲು ಕೆಳಗೆ ಕೂರುತ್ತದೆ. ಗಾಳಿಯಲ್ಲಿ ತೇಲುತ್ತಾ ಇಲ್ಲದ್ದನ್ನು ಯಂತ್ರ ಎಲ್ಲಿಂದ ಎಳೆದುಕೊಳ್ಳಬೇಕು? ಮಗು ಹೊರಳಿದಾಗ ದಿಂಬಿನಿಂದ ಎದ್ದದ್ದು ನೇರ ಮೂಗಿಗೇ ಹೋಗುತ್ತದೆ, ಕೋಣೆಯ ಮೂಲೆಯಲ್ಲಿರುವ ಯಂತ್ರಕ್ಕೆ ಅಲ್ಲ. ಬೆಕ್ಕಿನ ಅಲರ್ಜಿ ಕಣ, ಹೊಗೆ, ಹೊರಗಿನ ಸಣ್ಣ ಧೂಳು ಇವು ಹಗುರ, ಗಂಟೆಗಟ್ಟಲೆ ತೇಲುತ್ತವೆ. ಅಂಥ ಕಡೆ ಹೆಪಾ ಫಿಲ್ಟರ್, ಅಂದರೆ ತೀರಾ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರ್, ಸಹಾಯ ಮಾಡುತ್ತದೆ. ಯಂತ್ರದ ಶಕ್ತಿ ಕೋಣೆಯ ಅಳತೆಗೆ ತಕ್ಕಂತೆ ಇರಬೇಕು, ಮಲಗುವ ಕೋಣೆಯಲ್ಲಿ ಬಾಗಿಲು ಮುಚ್ಚಿ ಓಡಿಸಬೇಕು, ಫಿಲ್ಟರ್ ಸಮಯಕ್ಕೆ ಬದಲಿಸಬೇಕು. ಓಝೋನ್ ಬಿಡುವ ಯಂತ್ರ ಮಾತ್ರ ಖಂಡಿತ ಬೇಡ. ಓಝೋನ್ ಸ್ವತಃ ಶ್ವಾಸನಾಳವನ್ನು ಕೆರಳಿಸುತ್ತದೆ. "ಗಾಳಿ ತಾಜಾ ಮಾಡುತ್ತದೆ" ಎಂದು ಮಾರುವ ಕೆಲವು ಯಂತ್ರಗಳಲ್ಲಿ ಇದು ಇರುತ್ತದೆ, ಕೇಳಿ ತಿಳಿದುಕೊಂಡೇ ಕೊಳ್ಳಿ.

ಈಗ ಪುಟ್ಟಿಯ ಅಮ್ಮನಿಗೆ. ನಿಮ್ಮ ದಣಿವು ಅರ್ಥವಾಗುತ್ತದೆ. ಆದರೆ ನಿಮ್ಮ ಪಟ್ಟಿಯಲ್ಲಿ ಒಂದು ಮುಖ್ಯ ವಿಷಯ ಇಲ್ಲ. ನಿಮ್ಮ ಮಗಳಿಗೆ ಆಗದೇ ಇರುವುದು ಯಾವುದು? ಅಸ್ತಮಾ ಇರುವ ಎಲ್ಲ ಮಕ್ಕಳಿಗೂ ಒಂದೇ ವಸ್ತು ತೊಂದರೆ ಕೊಡುವುದಿಲ್ಲ. ಒಬ್ಬನಿಗೆ ಮೈಟ್, ಒಬ್ಬಳಿಗೆ ಜಿರಳೆ, ಇನ್ನೊಬ್ಬನಿಗೆ ಬೆಕ್ಕು, ಮತ್ತೊಬ್ಬಳಿಗೆ ಯಾವ ಅಲರ್ಜಿಯೂ ಇಲ್ಲ, ನೆಗಡಿ ಬಂದರೆ ಸಾಕು. ಮೈಟ್ ಅಲರ್ಜಿ ಇಲ್ಲದ ಮಗುವಿಗೆ ಎಷ್ಟು ಕವರ್ ಹಾಕಿದರೂ ಅಷ್ಟೇ. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಇದೆ, ರಕ್ತ ಪರೀಕ್ಷೆಯೂ ಇದೆ. ಒಮ್ಮೆ ಮಾಡಿಸಲು ಡಾಕ್ಟರನ್ನು ಕೇಳಿ. ಪರೀಕ್ಷೆಗೆ ಮೊದಲೇ ಒಂದು ಡೈರಿ ಶುರು ಮಾಡಿ. ಯಾವ ರಾತ್ರಿ ಕೆಮ್ಮು, ಅಂದು ಮನೆಯಲ್ಲಿ ಏನು ನಡೆಯಿತು, ಎಲ್ಲಿ ಮಲಗಿದ್ದಳು, ನೆಗಡಿ ಇತ್ತೋ, ಯಾವ ಸ್ಪ್ರೇ ಹೊಡೆದಿರಿ. ನಾಲ್ಕು ವಾರ ಬರೆದರೆ ನಿಮಗೇ ಏನೋ ಕಾಣುತ್ತದೆ.

ಒಂದೇ ಉಪಾಯ ಸಾಲದು ಎನ್ನುವುದನ್ನೂ ಹೇಳಬೇಕು. 2003ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ದೊಡ್ಡವರ ಮೇಲೆ ಬರೀ ಹಾಸಿಗೆ ಕವರ್ ಪ್ರಯೋಗ ಮಾಡಿದರು. ಅಸ್ತಮಾದಲ್ಲಿ ವ್ಯತ್ಯಾಸ ಕಾಣಲಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅಮೆರಿಕದ 7 ನಗರಗಳ 937 ಮಕ್ಕಳನ್ನು ತೆಗೆದುಕೊಂಡು, ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಮನೆಗಳಲ್ಲಿ ಬೇರೆ ದಾರಿ ಹಿಡಿದರು. ಆಯಾ ಮಗುವಿಗೆ ಯಾವುದು ಆಗುವುದಿಲ್ಲವೋ ಅದನ್ನು ನೋಡಿಕೊಂಡು ಕವರ್, ಜಿರಳೆ ನಿಯಂತ್ರಣ, ಹೊಗೆ ತಡೆ, ಫಿಲ್ಟರ್ ಹೀಗೆ ಹಲವನ್ನು ಒಟ್ಟಿಗೆ ಮಾಡಿದರು. ಮೊದಲ ವರ್ಷದಲ್ಲೇ ಆ ಮಕ್ಕಳಿಗೆ ಉಳಿದವರಿಗಿಂತ ತೊಂದರೆಯ ದಿನಗಳು ಸುಮಾರು 21ರಷ್ಟು ಕಮ್ಮಿಯಾದವು. 21 ದಿನ ಅಂದರೆ ಸಣ್ಣದಲ್ಲ, ಅಲ್ವಾ?

ಅವಳಿ ಮಕ್ಕಳ ಅಪ್ಪ

ಸಿಸ್ಟರ್, ಹಾಗಾದರೆ ಕವರ್ ಸುಮ್ನೆ ದಂಡವೇ? ನಮ್ಮಲ್ಲಿ ನಿಜವಾಗಿ ಅನುಕೂಲವಾಯಿತು.

ವಾರ್ಡ್ ನರ್ಸ್

ದಂಡ ಅಲ್ಲ ಸರ್. ನಿಮ್ಮ ಅನುಭವಕ್ಕೂ ಆಧಾರ ಇದೆ. 2017ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನಕ್ಕೆ 3ರಿಂದ 17 ವರ್ಷದ 284 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ ಅಸ್ತಮಾ ಜೋರಾಗಿ ಆಸ್ಪತ್ರೆಗೆ ಬಂದವರು, ಎಲ್ಲರಿಗೂ ಮೈಟ್ ಅಲರ್ಜಿ ಖಚಿತ. ಮೈಟ್ ತಡೆಯುವ ಕವರ್ ಸಿಕ್ಕವರಲ್ಲಿ ಒಂದು ವರ್ಷದೊಳಗೆ ಮತ್ತೆ ತುರ್ತಾಗಿ ಆಸ್ಪತ್ರೆಗೆ ಬಂದವರು ಶೇಕಡಾ 29. ಮಾಮೂಲಿ ಕವರ್ ಸಿಕ್ಕವರಲ್ಲಿ ಶೇಕಡಾ 41ಕ್ಕಿಂತ ಸ್ವಲ್ಪ ಹೆಚ್ಚು. ಅಲರ್ಜಿ ಇದೆ ಎಂದು ಗೊತ್ತಿದ್ದ ಮಕ್ಕಳನ್ನೇ ತೆಗೆದುಕೊಂಡದ್ದು ಇಲ್ಲಿ ಮುಖ್ಯ. ಅದಕ್ಕೇ ಮೊದಲು ಪರೀಕ್ಷೆ ಎಂದು ನಾನು ಹಟ ಮಾಡುವುದು.

ಹಳೆ ಉಬ್ಬಸದವನು

ನನಗೆ 4ನೇ ವಯಸ್ಸಿನಿಂದ ಉಬ್ಬಸ. ಈಗ 38. ಮಗು ಹೇಳಲಾಗದ ಒಂದು ಮಾತನ್ನು ನಾನು ಹೇಳುತ್ತೇನೆ. ಸ್ಪ್ರೇ ನಿಲ್ಲಿಸಿ.

ನನ್ನ ಅಮ್ಮನೂ ನಿಮ್ಮ ಹಾಗೆಯೇ. ನನಗೋಸ್ಕರ ಮನೆಯನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಅವರು ನೆಲ ಒರೆಸಿದ ಆ ಘಾಟು ಮೂಗಿಗೆ ಬಡಿದ ಕೂಡಲೇ ನನ್ನ ಎದೆ ಬಿಗಿಯುತ್ತಿತ್ತು. ಅಮ್ಮನಿಗೆ ಬೇಜಾರಾಗುತ್ತದೆ ಎಂದು ಎಷ್ಟೋ ವರ್ಷ ಹೇಳಲೇ ಇಲ್ಲ. ಸ್ಪ್ರೇ ಸಣ್ಣ ಹನಿಯಾಗಿ ಗಾಳಿಯಲ್ಲಿ ನಿಲ್ಲುತ್ತದೆ, ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ಅದೇ ದ್ರವವನ್ನು ಬಟ್ಟೆಗೆ ಸುರಿದುಕೊಂಡು ಒರೆಸಿದರೆ ಅಷ್ಟು ತೊಂದರೆ ಇಲ್ಲ. ದಿನದ ಕೆಲಸಕ್ಕೆ ವಾಸನೆ ಇಲ್ಲದ ಸೋಪು ನೀರೇ ಸಾಕು. ರೂಮ್ ಫ್ರೆಶ್‌ನರ್, ಸೆಂಟ್, ಸೊಳ್ಳೆ ಬತ್ತಿ, ಊದುಬತ್ತಿ, ವಾಸನೆಯ ಮೇಣದ ಬತ್ತಿ ಇವೆಲ್ಲ ಇದೇ ಗುಂಪು. ಒಳ್ಳೆ ವಾಸನೆ ಬಂತು ಎಂದ ಮಾತ್ರಕ್ಕೆ ಗಾಳಿ ಚೊಕ್ಕಟವಾಯಿತು ಎಂದಲ್ಲ. ಸೊಳ್ಳೆಗೆ ಪರದೆ ಕಟ್ಟಿ. ಅದನ್ನೂ ಆಗಾಗ ಒಗೆಯಿರಿ.

ಇನ್ನೊಂದು. ಪೊರಕೆಯಿಂದ ದಿನಕ್ಕೆ ಎರಡು ಸಲ ಗುಡಿಸಿದರೆ ಕೂತ ಧೂಳನ್ನು ದಿನಕ್ಕೆ ಎರಡು ಸಲ ಎಬ್ಬಿಸಿದಂತೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ವ್ಯಾಕ್ಯೂಮ್ ಇದ್ದರೆ ಹೆಪಾ ಫಿಲ್ಟರ್ ಇರುವಂಥದ್ದು, ಇಲ್ಲವಾದರೆ ಒಂದು ಕಡೆ ಎಳೆದುಕೊಂಡ ಸಣ್ಣ ಧೂಳನ್ನು ಹಿಂದಿನಿಂದ ಊದುತ್ತದೆ. ಗುಡಿಸುವಾಗ, ಹಾಸಿಗೆ ಕೊಡವುವಾಗ ಮಗು ಆ ಕೋಣೆಯಲ್ಲಿ ಬೇಡ. ಮುಗಿದ ಮೇಲೂ ಅರ್ಧ ಗಂಟೆ ಬಿಟ್ಟು ಬರಲಿ.

ಪುಟ್ಟಿಯ ಅಮ್ಮ

ಓದುತ್ತಾ ಕಣ್ಣು ತುಂಬಿ ಬಂತು. ನಾನು ಮಲಗುವ ಮುಂಚೆ, ಒಂಬತ್ತು ಗಂಟೆಗೆ, ಅವಳ ಕೋಣೆಯಲ್ಲೇ ಸ್ಪ್ರೇ ಹೊಡೆದು ಒರೆಸುತ್ತಿದ್ದೆ. ಇವತ್ತಿಂದಲೇ ನಿಲ್ಲಿಸುತ್ತೇನೆ. ಡೈರಿಯೂ ಇವತ್ತೇ ಶುರು.

ಹಳೆ ಉಬ್ಬಸದವನು

ನಿಮ್ಮ ಮೇಲೆ ತಪ್ಪು ಹೊರಿಸಿಕೊಳ್ಳಬೇಡಿ ಅಕ್ಕ. ಮಗುವಿನ ಒಳ್ಳೆಯದಕ್ಕೇ ಮಾಡಿದ್ದು. ನನ್ನ ಅಮ್ಮನಿಗೂ ನಾನು ಇದನ್ನೇ ಹೇಳಿದೆ.

ಮಹಡಿ ಮನೆ

ಹೊಗೆಯ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ನಾನು ಸಿಗರೇಟು ಸೇದುತ್ತಿದ್ದೆ. ಮಗನಿಗೆ ಉಬ್ಬಸ ಎಂದು ಗೊತ್ತಾದ ಮೇಲೆ ಬಾಲ್ಕನಿಗೆ ಹೋಗಿ ಸೇದುತ್ತಿದ್ದೆ, ಬಾಗಿಲು ಹಾಕಿಕೊಂಡು. ಅಷ್ಟು ಸಾಕು ಎಂದುಕೊಂಡಿದ್ದೆ. ಒಂದು ದಿನ ಒಳಗೆ ಬಂದು ಅವನನ್ನು ಎತ್ತಿಕೊಂಡೆ. ಅವನು ನನ್ನ ಎದೆಗೆ ಮುಖ ಇಟ್ಟ. ಐದು ನಿಮಿಷದಲ್ಲಿ ಕೆಮ್ಮಲು ಶುರು ಮಾಡಿದ. ಹೊಗೆ ಬಾಲ್ಕನಿಯಲ್ಲಿ ಉಳಿದಿರಲಿಲ್ಲ, ನನ್ನ ಅಂಗಿಯಲ್ಲಿ, ಕೂದಲಲ್ಲಿ, ಉಸಿರಲ್ಲಿ ಒಳಗೆ ಬಂದಿತ್ತು. ಕಾರಿನಲ್ಲಿ ಸೇದಿದ್ದು ಸೀಟಿನಲ್ಲೇ ಉಳಿದಿರುತ್ತದೆ.

ಅದನ್ನು ಬಿಟ್ಟು ಎರಡು ವರ್ಷವಾಯಿತು. ಮೂರನೆಯ ಪ್ರಯತ್ನದಲ್ಲಿ ಬಿಟ್ಟೆ. ನಿಕೋಟಿನ್ ಚೂಯಿಂಗ್ ಗಮ್, ಡಾಕ್ಟರ ಸಲಹೆ ಎರಡೂ ಬೇಕಾಯಿತು. ಯಾರಾದರೂ ಅಪ್ಪಂದಿರು ಇದನ್ನು ಓದುತ್ತಿದ್ದರೆ, ಕವರ್, ಯಂತ್ರ ಎಲ್ಲದಕ್ಕಿಂತ ಮೊದಲು ಇದನ್ನು ಮಾಡಿ.

ವಾರ್ಡ್ ನರ್ಸ್

ಇದನ್ನು ಬರೆದದ್ದಕ್ಕೆ ಧನ್ಯವಾದ. ಹೊಗೆಗೆ ಅಲರ್ಜಿ ಪರೀಕ್ಷೆ ಬೇಕಾಗಿಲ್ಲ, ಅಸ್ತಮಾ ಇರುವ ಯಾವ ಮಗುವಿಗೂ ಅದು ಆಗುವುದಿಲ್ಲ. ಸ್ಕಾಟ್ಲೆಂಡ್‌ನಲ್ಲಿ 2006ರ ಮಾರ್ಚ್‌ನಲ್ಲಿ ಮುಚ್ಚಿದ ಸಾರ್ವಜನಿಕ ಜಾಗಗಳಲ್ಲಿ ಸೇದುವುದನ್ನು ನಿಷೇಧಿಸಿದರು. ಅದಕ್ಕೆ ಮೊದಲು ಅಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ವರ್ಷಕ್ಕೆ ಶೇಕಡಾ 5ರಷ್ಟು ಏರುತ್ತಿತ್ತು. ಕಾನೂನು ಬಂದ ಮೇಲೆ ವರ್ಷಕ್ಕೆ ಶೇಕಡಾ 18ರಷ್ಟು ಇಳಿಯತೊಡಗಿತು. ಶಾಲೆಗೆ ಹೋಗದ ಪುಟ್ಟ ಮಕ್ಕಳಲ್ಲೂ ಇಳಿಯಿತು. ಇ-ಸಿಗರೇಟು ಪರವಾಗಿಲ್ಲ ಎಂದು ಕೆಲವರು ಹೇಳುತ್ತಾರೆ. ಮಗು ಇರುವ ಮನೆಯೊಳಗೆ ಅದೂ ಬೇಡ.

ಹೊಸ ಅಪ್ಪ

ಗ್ಯಾಸ್ ಒಲೆ?

ವಾರ್ಡ್ ನರ್ಸ್

ಗ್ಯಾಸ್ ಉರಿದಾಗ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಅದು ಶ್ವಾಸನಾಳವನ್ನು ಕೆರಳಿಸುತ್ತದೆ. ಹೊರಗೆ ಗಾಳಿ ಬಿಡುವ ಎಕ್ಸಾಸ್ಟ್ ಫ್ಯಾನ್ ಹಾಕಿ, ಒಲೆ ಹಚ್ಚುವ ಮೊದಲೇ ಶುರು ಮಾಡಿ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಓಡಲಿ. ಸೌದೆ ಒಲೆ, ಸೀಮೆಎಣ್ಣೆ ಒಲೆ ಇದ್ದರೆ ಹೊಗೆ ಇನ್ನೂ ಕೆಟ್ಟದ್ದು. ಮನೆ ಬೆಚ್ಚಗಿಡಲು ಚಿಮಣಿ ಇಲ್ಲದ ಗ್ಯಾಸ್ ಹೀಟರ್ ಬಳಸುವವರೂ ಎಚ್ಚರ. ನ್ಯೂಜಿಲೆಂಡ್‌ನಲ್ಲಿ ಅಸ್ತಮಾ ಇರುವ ಮಕ್ಕಳ ಮನೆಗಳಲ್ಲಿ ಒಳಗೆ ಹೊಗೆ ಬಿಡದ ಹೀಟರ್ ಹಾಕಿಸಿ ನೋಡಿದರು. ಮಕ್ಕಳು ಶಾಲೆ ತಪ್ಪಿಸುವುದು ಕಮ್ಮಿಯಾಯಿತು, ರಾತ್ರಿ ಕೆಮ್ಮೂ ಕಮ್ಮಿಯಾಯಿತು.

ರಿಪೇರಿ ಕೆಲಸದವನು

ನಾನು ಡಾಕ್ಟರೂ ಅಲ್ಲ, ನನ್ನ ಮಕ್ಕಳಿಗೆ ಅಸ್ತಮಾ ಕೂಡ ಇಲ್ಲ. ಮನೆಗಳ ತೇವ, ಸೋರಿಕೆ ಸರಿ ಮಾಡುವುದು ನನ್ನ ಕೆಲಸ. ಬೂಷ್ಟಿನ ಬಗ್ಗೆ ಹೇಳಬೇಕು ಅನ್ನಿಸಿತು, ಯಾಕೆಂದರೆ ಜನ ಇದರಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ. ಗೋಡೆಯ ಮೇಲೆ ಕಪ್ಪು ಕಲೆ ಬಂದರೆ ಬಣ್ಣ ಬಳಿಯುತ್ತಾರೆ. ಮೂರು ತಿಂಗಳಿಗೆ ಬಣ್ಣ ಉಬ್ಬಿ ಸಿಪ್ಪೆ ಎದ್ದು ಅದೇ ಜಾಗದಲ್ಲಿ ಮತ್ತೆ ಬೂಷ್ಟು. ಬೂಷ್ಟಿಗೆ ಬೇಕಾದ್ದು ನೀರು. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕದೆ ಏನು ಬಳಿದರೂ ಪ್ರಯೋಜನ ಇಲ್ಲ.

ಮೂರು ದಾರಿಯಲ್ಲಿ ತೇವ ಬರುತ್ತದೆ. ಚಾವಣಿ ಅಥವಾ ಗೋಡೆಯ ಬಿರುಕಿನಿಂದ ಮಳೆ ನೀರು. ಗೋಡೆಯೊಳಗಿನ ಪೈಪ್ ಸೋರಿಕೆ. ಮೂರನೆಯದು ನಾವೇ ಮಾಡುವ ತೇವ: ಸ್ನಾನದ ಹಬೆ, ಅಡುಗೆ ಹಬೆ, ಒಳಗೆ ಬಟ್ಟೆ ಒಣಗಿಸುವುದು, ನಮ್ಮ ಉಸಿರು. ಈ ಹಬೆ ತಣ್ಣನೆ ಗೋಡೆಗೆ ಬಡಿದು ನೀರಾಗುತ್ತದೆ. ಕಲೆ ಕಿಟಕಿಯ ಸುತ್ತ, ಹೊರಗೋಡೆಯ ಮೂಲೆಯಲ್ಲಿ, ಬೀರುವಿನ ಹಿಂದೆ ಇದ್ದರೆ ಬಹುಪಾಲು ಮೂರನೆಯದೇ. ಬೀರು, ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ, ಗಾಳಿ ಆಡಲಿ. ಸ್ನಾನದ ಮೇಲೆ ಫ್ಯಾನ್ ಹಾಕಿ, ಬಾಗಿಲು ಮುಚ್ಚಿ. ನೀರು ಚೆಲ್ಲಿ ಏನಾದರೂ ನೆನೆದರೆ 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗಿಸಿ, ಆಮೇಲೆ ಬೂಷ್ಟು ಬೇರು ಬಿಡುತ್ತದೆ. ನೆಂದು ಬೂಷ್ಟು ಹಿಡಿದ ಹಾಸಿಗೆ, ಕಾರ್ಪೆಟ್ ಎಸೆಯುವುದೇ ಸರಿ.

ಸಣ್ಣ ಕಲೆಯಾದರೆ ಮಾಸ್ಕ್, ಕೈಗವಸು ಹಾಕಿಕೊಂಡು ಸೋಪು ನೀರಿನಲ್ಲಿ ತಿಕ್ಕಿ ಒಣಗಿಸಿ. ಒಣಗಿದ ಬೂಷ್ಟನ್ನು ಬ್ರಷ್‌ನಿಂದ ಉಜ್ಜಬೇಡಿ, ಪುಡಿ ಮನೆಯೆಲ್ಲ ಹಾರುತ್ತದೆ. ಬ್ಲೀಚ್ ಬಳಸುವವರು ಅದಕ್ಕೆ ಆಸಿಡ್ಡನ್ನೋ ಅಮೋನಿಯಾ ಇರುವ ಕ್ಲೀನರನ್ನೋ ಬೆರೆಸಲೇಬೇಡಿ. ವಿಷದ ಗ್ಯಾಸ್ ಬರುತ್ತದೆ, ಗಟ್ಟಿಮುಟ್ಟಾದವರಿಗೇ ಉಸಿರು ಕಟ್ಟುತ್ತದೆ. ಈ ಕೆಲಸ ನಡೆಯುವಾಗ ಅಸ್ತಮಾ ಇರುವ ಮಗು ಮನೆಯಲ್ಲೇ ಇರಬಾರದು. ಹೊಸ ಬಣ್ಣ ಬಳಿದ ಕೋಣೆಯಲ್ಲೂ ವಾಸನೆ ಹೋಗುವವರೆಗೆ ಮಲಗಿಸಬೇಡಿ.

ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ಹೈಗ್ರೋಮೀಟರ್ ಎನ್ನುತ್ತಾರೆ. ಒಂದು ತಂದು ಮಗುವಿನ ಕೋಣೆಯಲ್ಲಿ ಇಡಿ. ಶೇಕಡಾ 50ರೊಳಗೆ ಇದ್ದರೆ ಒಳ್ಳೆಯದು.

ಅವಳಿ ಮಕ್ಕಳ ಅಪ್ಪ

ಇದಕ್ಕೆ ನನ್ನದೂ ಒಂದು ಮಾತು. ಮಗನಿಗೆ ಕೆಮ್ಮು ಎಂದು ನಾವು ರಾತ್ರಿಯಿಡೀ ಹ್ಯೂಮಿಡಿಫೈಯರ್, ಅಂದರೆ ಗಾಳಿಗೆ ತೇವ ಬಿಡುವ ಯಂತ್ರ ಓಡಿಸುತ್ತಿದ್ದೆವು. ಮೀಟರ್ ತಂದ ದಿನ ನೋಡಿದರೆ ಶೇಕಡಾ 72. ಮೈಟ್‌ಗೂ ಬೂಷ್ಟಿಗೂ ನಾವೇ ನೀರೆರೆದು ಸಾಕುತ್ತಿದ್ದೆವು.

ಬಾಡಿಗೆ ಮನೆ

ಮಾಲೀಕರು ಸೋರಿಕೆ ಸರಿ ಮಾಡಿಸಲ್ಲ ಎಂದರೆ? ಒಂದು ವರ್ಷದಿಂದ ಕೇಳುತ್ತಿದ್ದೇವೆ.

ರಿಪೇರಿ ಕೆಲಸದವನು

ಬಾಯಿಮಾತಲ್ಲಿ ಕೇಳಬೇಡಿ, ಬರೆದು ಕೇಳಿ. ದಿನಾಂಕ ಇರುವ ಫೋಟೋ ಹಾಕಿ. ಮಗುವಿಗೆ ಅಸ್ತಮಾ ಇದೆ, ತೇವದಿಂದ ಹೆಚ್ಚಾಗುತ್ತಿದೆ ಎಂದು ಡಾಕ್ಟರ ಹತ್ತಿರ ಒಂದು ಚೀಟಿ ತೆಗೆದುಕೊಂಡು ಜೊತೆಗಿಡಿ. ಗೋಡೆ ಹಾಳಾದರೆ ಅವರ ಆಸ್ತಿಗೇ ನಷ್ಟ ಎನ್ನುವುದನ್ನೂ ತಿಳಿಸಿ ಹೇಳಿ. ಅಷ್ಟರವರೆಗೆ ಮಗುವಿನ ಮಲಗುವ ಜಾಗವನ್ನು ಒಣಗಿರುವ ಕೋಣೆಗೆ ಬದಲಿಸಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಬೆಕ್ಕಿನ ಮನೆ

ನಮ್ಮದು ಕಷ್ಟದ ಕಥೆ. ಮಗನ ಪರೀಕ್ಷೆಯಲ್ಲಿ ಬೆಕ್ಕಿನ ಅಲರ್ಜಿ ಬಂತು. ಬೆಕ್ಕು ಅವನಿಗಿಂತ ಎರಡು ವರ್ಷ ದೊಡ್ಡದು. ಕೂದಲಿನಿಂದ ತೊಂದರೆ, ಬೋಳಿಸಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ಅದು ಸರಿಯಲ್ಲ. ಅಲರ್ಜಿ ತರುವ ಪ್ರೋಟೀನ್ ಅದರ ಎಂಜಲಿನಲ್ಲಿ, ಚರ್ಮದಲ್ಲಿ ಇರುತ್ತದೆ. ಬೆಕ್ಕು ಮೈ ನೆಕ್ಕಿಕೊಂಡಾಗ ಎಲ್ಲ ಕಡೆ ಹರಡಿ, ಒಣಗಿ, ಗಾಳಿಗೇರುತ್ತದೆ. ಬಟ್ಟೆಗೂ ಗೋಡೆಗೂ ಅಂಟಿಕೊಳ್ಳುತ್ತದೆ. ಬೆಕ್ಕೇ ಇಲ್ಲದ ಮನೆ, ಶಾಲೆಗಳಿಗೂ ಜನರ ಬಟ್ಟೆಯ ಮೂಲಕ ಹೋಗುತ್ತದೆ.

ಮೊದಲು ಅವನ ಕೋಣೆಗೆ ಬಿಡದೆ ನೋಡಿದೆವು, ಹೆಪಾ ಯಂತ್ರ ಇಟ್ಟೆವು. ಸ್ವಲ್ಪ ಕಮ್ಮಿಯಾಯಿತು, ಸಾಲಲಿಲ್ಲ. ಕೊನೆಗೆ ನನ್ನ ತಂಗಿ ಬೆಕ್ಕನ್ನು ಸಾಕಲು ತೆಗೆದುಕೊಂಡಳು. ಅವತ್ತು ಮನೆಯವರೆಲ್ಲ ಅತ್ತೆವು. ಬೆಕ್ಕು ಹೋದ ಮರುದಿನವೇ ಸರಿಹೋಗುತ್ತದೆ ಎಂದು ಕಾಯಬೇಡಿ. ಮನೆಯಲ್ಲಿ ಉಳಿದ ಕಣ ಕಮ್ಮಿಯಾಗಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ನಾವು ಎರಡನೇ ತಿಂಗಳಲ್ಲಿ, ಏನೂ ಆಗಲಿಲ್ಲ, ಸುಮ್ನೆ ಕಳಿಸಿಬಿಟ್ಟೆವು ಎಂದು ಕೊರಗಿದ್ದೆವು. ಐದನೇ ತಿಂಗಳ ಹೊತ್ತಿಗೆ ಅವನ ರಾತ್ರಿಗಳು ಬದಲಾದವು. ಪರೀಕ್ಷೆಯಲ್ಲಿ ಬೆಕ್ಕು ಬಾರದಿದ್ದರೆ ದಯವಿಟ್ಟು ಆ ಪ್ರಾಣಿಯನ್ನು ಕಳಿಸಬೇಡಿ. ಮಗುವಿಗೂ ಅದು ದೊಡ್ಡ ನೋವು.

ಒಬ್ಬ ಓದುಗ

ಎಲ್ಲ ಓದಿದೆ. ಒಂದು ಸಂದೇಹ. ಮಕ್ಕಳು ಮಣ್ಣು ಧೂಳಲ್ಲಿ ಬೆಳೆದರೇ ಗಟ್ಟಿಯಾಗುತ್ತಾರೆ, ಜಾಸ್ತಿ ಚೊಕ್ಕಟ ಮಾಡಿದರೆ ರೋಗ ಜಾಸ್ತಿ ಎಂದು ಓದಿದ್ದೇನೆ. ಇನ್‌ಹೇಲರ್ ಕೂಡ ಅಭ್ಯಾಸ ಆಗಿಬಿಡುತ್ತದೆ ಎನ್ನುತ್ತಾರೆ. ಮನೆ ಸರಿ ಮಾಡಿಕೊಂಡು ಔಷಧಿ ನಿಲ್ಲಿಸುವುದು ಒಳ್ಳೆಯದಲ್ಲವೇ?

ವಾರ್ಡ್ ನರ್ಸ್

ಕೇಳಿದ್ದು ಒಳ್ಳೆಯದಾಯಿತು, ಮನಸ್ಸಿನಲ್ಲೇ ಇಟ್ಟುಕೊಂಡಿರುವವರು ತುಂಬಾ ಜನ. ದನಕರು, ಮಣ್ಣು ಇರುವ ಹೊಲದ ಮನೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಅಸ್ತಮಾ ಕಮ್ಮಿ ಎಂದು ಕಂಡಿರುವುದು ನಿಜ. ಅದು ಅಸ್ತಮಾ ಬರುವ ಮೊದಲಿನ ಮಾತು. ಈಗಾಗಲೇ ಶ್ವಾಸನಾಳ ಊದಿಕೊಂಡಿರುವ ಮಗುವನ್ನು ಧೂಳಲ್ಲಿ ಮಲಗಿಸಿದರೆ ಗಟ್ಟಿಯಾಗುವುದಿಲ್ಲ, ಊತ ಹೆಚ್ಚಾಗುತ್ತದೆ. ಮಗು ಹೊರಗೆ ಆಡಲಿ, ಓಡಲಿ, ಅದನ್ನು ಯಾರೂ ತಡೆಯಬಾರದು. ಓಡಿದರೆ ಉಬ್ಬಸ ಬರುತ್ತದೆ ಎಂದರೆ ಆಟ ನಿಲ್ಲಿಸುವುದಲ್ಲ, ಡಾಕ್ಟರಿಗೆ ಹೇಳಬೇಕು. ಅಸ್ತಮಾ ಹಿಡಿತದಲ್ಲಿಲ್ಲ ಎಂದು ಅರ್ಥ.

ಇನ್‌ಹೇಲರ್ ಚಟವಾಗುವುದಿಲ್ಲ. ದಿನಾ ಕೊಡುವ ಸ್ಟೀರಾಯ್ಡ್ ಇನ್‌ಹೇಲರ್ ಊತ ಇಳಿಸುತ್ತದೆ, ಅದರ ಪ್ರಮಾಣ ಮೈಕ್ರೋಗ್ರಾಮ್ ಲೆಕ್ಕದ್ದು, ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಮಗು ಚೆನ್ನಾಗಿದೆ ಎಂದು ನಾವೇ ನಿಲ್ಲಿಸಿ, ಮೂರು ವಾರದ ಮೇಲೆ ನೆಗಡಿ ಬಂದು, ತುರ್ತು ವಿಭಾಗಕ್ಕೆ ಬರುವ ಮಕ್ಕಳನ್ನು ನಾನು ಎಷ್ಟು ನೋಡಿದ್ದೇನೋ. ಮಕ್ಕಳಲ್ಲಿ ಅಸ್ತಮಾ ಜೋರಾಗಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ನೆಗಡಿಯ ವೈರಸ್. ಅದನ್ನು ಯಾವ ಕವರ್ ತಡೆಯುತ್ತದೆ ಹೇಳಿ? ಮನೆ ಸರಿ ಮಾಡುವುದು ಔಷಧಿಯ ಜೊತೆಗೆ, ಔಷಧಿಯ ಬದಲಿಗೆ ಅಲ್ಲ. ಪ್ರಮಾಣ ಇಳಿಸಬಹುದೋ ಎನ್ನುವುದನ್ನು ಕೆಲವು ತಿಂಗಳು ನೋಡಿ ಡಾಕ್ಟರೇ ಹೇಳುತ್ತಾರೆ.

ಎಲ್ಲರಿಗೂ ಇನ್ನೆರಡು ಮಾತು. ಸ್ಪೇಸರನ್ನು ಸೋಪು ನೀರಲ್ಲಿ ಅದ್ದಿ ತೆಗೆದು ತಾನಾಗಿ ಆರಲು ಬಿಡಿ. ಬಟ್ಟೆಯಿಂದ ಒರೆಸಿದರೆ ಒಳಗೆ ಸ್ಥಿರ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ. ಮಗುವಿನ ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಉಬ್ಬಸ ಬಂದಾಗ ಕೊಡುವ ಇನ್‌ಹೇಲರ್ ಕೊಟ್ಟರೂ ಇಳಿಯದಿದ್ದರೆ ಒಂದು ನಿಮಿಷವೂ ಕಾಯಬೇಡಿ. ಇನ್‌ಹೇಲರ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ.

ಪುಟ್ಟಿಯ ಅಮ್ಮ

ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ.

ಡೈರಿಯಲ್ಲಿ ಎರಡು ವಿಷಯ ಎದ್ದು ಕಂಡವು. ಸ್ಪ್ರೇ ನಿಲ್ಲಿಸಿದ ಮೊದಲ ವಾರದಲ್ಲೇ ಕೆಮ್ಮು ಐದು ರಾತ್ರಿಯಿಂದ ಮೂರಕ್ಕೆ ಇಳಿಯಿತು. ಎರಡನೆಯದು ನಾನು ಎಣಿಸಿಯೇ ಇರಲಿಲ್ಲ. ನಮ್ಮ ಅತ್ತೆಯ ಕೋಣೆಯಲ್ಲಿ ಮಲಗಿದ ರಾತ್ರಿಗಳಲ್ಲಿ ಅವಳಿಗೆ ಕೆಮ್ಮೇ ಇಲ್ಲ. ಅತ್ತೆಯದು ಹೊಸ ಹಾಸಿಗೆ. ಮಗಳದ್ದು ನನ್ನ ಮದುವೆಗಿಂತ ಹಳೆಯದು. ಪರೀಕ್ಷೆಯೂ ಆಯಿತು. ಮೈಟ್ ಜೋರಾಗಿಯೇ ಬಂತು, ಜೊತೆಗೆ ಜಿರಳೆ. ಬೆಕ್ಕು, ನಾಯಿ, ಬೂಷ್ಟು ಇಲ್ಲ.

ಹಾಸಿಗೆ ಬದಲಿಸಿ ಕವರ್ ಹಾಕಿದ್ದೇವೆ. ಮೀಟರ್ 58 ತೋರಿಸುತ್ತಿತ್ತು, ಒಳಗೆ ಬಟ್ಟೆ ಒಣಗಿಸುವುದು ನಿಲ್ಲಿಸಿದ ಮೇಲೆ 49ಕ್ಕೆ ಬಂದಿದೆ. ಏರ್ ಪ್ಯೂರಿಫೈಯರ್ ಆಫ್ ಮಾಡಿಟ್ಟಿದ್ದೇನೆ. ಕಳೆದ ಎರಡು ವಾರದಲ್ಲಿ ಒಂದೇ ರಾತ್ರಿ ಎದ್ದಳು, ಅವತ್ತು ನೆಗಡಿ ಇತ್ತು. ಜಿರಳೆಗೆ ಏನು ಮಾಡಲಿ? ಸ್ಪ್ರೇ ಹೊಡೆಯುವ ಹಾಗಿಲ್ಲವಲ್ಲ.

ರಿಪೇರಿ ಕೆಲಸದವನು

ಜಿರಳೆ ತಿಂದು ಸಾಯುವ ಜೆಲ್ ಬರುತ್ತದೆ ಮೇಡಂ, ಸಿಂಕಿನ ಕೆಳಗೆ, ಬಾಗಿಲ ಸಂದಿಯಲ್ಲಿ, ಫ್ರಿಜ್ ಹಿಂದೆ ಸಾಸಿವೆಯಷ್ಟು ಇಟ್ಟರೆ ಸಾಕು. ಮಕ್ಕಳ ಕೈಗೆ ಸಿಗಬಾರದು. ಗಾಳಿಗೆ ಏನೂ ಹರಡುವುದಿಲ್ಲ. ಆದರೆ ಅದಕ್ಕಿಂತ ಮೊದಲು ಊಟ ನೀರು ಸಿಗದಂತೆ ಮಾಡಿ. ರಾತ್ರಿ ಪಾತ್ರೆ ತೊಳೆದಿಡಿ, ಕಸದ ಬುಟ್ಟಿಗೆ ಮುಚ್ಚಳ, ತೊಟ್ಟಿಕ್ಕುವ ನಲ್ಲಿ ಸರಿ ಮಾಡಿಸಿ, ಪೈಪ್ ಗೋಡೆಯೊಳಗೆ ಹೋಗುವ ತೂತು ಮುಚ್ಚಿ. ಮಗು ಮಲಗುವ ಕೋಣೆಯಲ್ಲಿ ತಿಂಡಿ ತಿನ್ನುವುದು ನಿಲ್ಲಲಿ.

ವಾರ್ಡ್ ನರ್ಸ್

ಜಿರಳೆ ಸತ್ತ ಮೇಲೂ ಅದರ ಹಿಕ್ಕೆ, ಪೊರೆ ಮೂಲೆಯಲ್ಲಿ ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಇದನ್ನು ಸಣ್ಣದೆಂದು ಬಿಡಬೇಡಿ. ಅಮೆರಿಕದ ನಗರಗಳ ಮಕ್ಕಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿರಳೆ ಅಲರ್ಜಿಯೂ ಇದ್ದು ಮಲಗುವ ಕೋಣೆಯಲ್ಲಿ ಅದರ ಕಣವೂ ಹೆಚ್ಚಿದ್ದ ಮಕ್ಕಳು ಉಳಿದವರಿಗಿಂತ 3 ಪಟ್ಟಿಗೂ ಹೆಚ್ಚು ಆಸ್ಪತ್ರೆ ಸೇರಿದ್ದರು. ಡೈರಿಯನ್ನು ಮುಂದಿನ ಸಲ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ, ಮತ್ತು ಯಾವಾಗ ಏನು ಮಾಡಬೇಕು ಎನ್ನುವ ಆಕ್ಷನ್ ಪ್ಲಾನ್ ಬರೆಸಿಕೊಳ್ಳಿ. ಅದರ ಒಂದು ಪ್ರತಿ ಅತ್ತೆಯ ಹತ್ತಿರ, ಒಂದು ಶಾಲೆಯಲ್ಲಿ.

ಹೊಸ ಅಪ್ಪ

ನಮ್ಮ ಮಗುವಿಗೆ 8 ತಿಂಗಳು. ಎದೆಯಲ್ಲಿ ಆಗಾಗ ಸಿಳ್ಳೆ ಸದ್ದು. ಅವನ ದಿಂಬಿಗೂ ಈಗಲೇ ಕವರ್ ಹಾಕಲೇ?

ವಾರ್ಡ್ ನರ್ಸ್

ಒಂದು ವರ್ಷದೊಳಗಿನ ಮಗುವಿಗೆ ದಿಂಬೇ ಬೇಡ ಸರ್. ಹೊದಿಕೆ ರಾಶಿ, ಗೊಂಬೆ ಯಾವುದೂ ತೊಟ್ಟಿಲಲ್ಲಿ ಇರಬಾರದು, ಉಸಿರು ಕಟ್ಟುವ ಅಪಾಯ ಇದೆ. ಬೆನ್ನ ಮೇಲೆ ಮಲಗಿಸಿ, ಗಟ್ಟಿ ಹಾಸಿಗೆ, ಬಿಗಿಯಾಗಿ ಕೂರುವ ಒಂದು ಬೆಡ್‌ಶೀಟ್ ಅಷ್ಟೇ. ಈ ವಯಸ್ಸಿನ ಸಿಳ್ಳೆ ಸದ್ದೆಲ್ಲ ಅಸ್ತಮಾ ಅಲ್ಲ, ವೈರಸ್‌ನಿಂದ ಬರುವುದೇ ಜಾಸ್ತಿ. ಆದರೂ ಡಾಕ್ಟರಿಗೆ ತೋರಿಸಿ. ಹಾಲು ಕುಡಿಯುವುದು ಕಮ್ಮಿಯಾದರೆ ಅಥವಾ ಉಸಿರಿನ ವೇಗ ಹೆಚ್ಚಾದರೆ ಅವತ್ತೇ ಹೋಗಿ. ಸದ್ದು ಬಂದಾಗ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಆಸ್ಪತ್ರೆ ತಲುಪುವ ಹೊತ್ತಿಗೆ ಅದು ನಿಂತಿರುತ್ತದೆ.